ನಿಂತ ಅಳತೆ

ಆ ದರ್ಜಿಯ ಹತ್ತಿರ ಪ್ಯಾಂಟು ಹೊಲಿಯಲು ಕೊಟ್ಟವರು ಮೊದಲು ಕೇಳಬೇಕಾಗಿದ್ದದ್ದು ಅದು ಯಾವಾಗ ಸಿಗುತ್ತದೆ ಎಂದಲ್ಲ, ಈ ವಾರ ಎಲ್ಲಾದರೂ ಸ್ನೂಕರ್ ಟೂರ್ನಿ ನಡೆಯುತ್ತಿದೆಯೇ ಎಂದು. ಟೂರ್ನಿ ಇದ್ದರೆ ಪ್ಯಾಂಟು ಇಲ್ಲ. ದಾರದ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಹಸಿರು ಮೇಜು ಕಾಣಿಸಿಕೊಂಡಿತೆಂದರೆ ಹೊಲಿಗೆ ಯಂತ್ರದ ಮೇಲಿದ್ದ ಅವನ ಕಾಲು ಹಾಗೇ ನಿಂತುಬಿಡುತ್ತಿತ್ತು. ಗಿರಾಕಿ ಬಂದು ಕೆಮ್ಮಿದರೆ, ಒಂದು ನಿಮಿಷ, ಈ ಕೆಂಪು ಚೆಂಡು ಹೋಗಲಿ ಎನ್ನುತ್ತಿದ್ದ. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಮತ್ತೊಂದು ಕೆಂಪು ಹೋಗುವಷ್ಟರಲ್ಲಿ ಗಿರಾಕಿಯೇ ಹೋಗಿರುತ್ತಿದ್ದ.

ಗೆದ್ದು ಹೆಸರು ಮಾಡಿದ ದೊಡ್ಡ ಆಟಗಾರರ ಬಗ್ಗೆ ಅವನಿಗೆ ತಕರಾರಿರಲಿಲ್ಲ. ಅವನ ಕಣ್ಣೆಲ್ಲ ಈಗಷ್ಟೇ ಮೇಲೆ ಬರುತ್ತಿರುವ ಹುಡುಗರ ಮೇಲೆ. ಇಪ್ಪತ್ತೊಂದು ದಾಟದ ಯಾವ ಹುಡುಗ ಯಾವ ದೇಶದವನು, ಯಾರನ್ನು ಸೋಲಿಸಿದ, ಒಂದೇ ಸರದಿಯಲ್ಲಿ ಎಷ್ಟು ಅಂಕ ಹೊಡೆದ ಎನ್ನುವುದನ್ನೆಲ್ಲ ಅಳತೆ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಬರೆದಿಡುತ್ತಿದ್ದ. ಒಬ್ಬೊಬ್ಬನ ಮುಂದೆಯೂ ಒಂದೊಂದು ಕೊಂಕು. ಮೊಣಕೈ ಆಚೆ ಹೋಗುತ್ತದೆ. ಅವಸರ ಜಾಸ್ತಿ. ಇವನದು ಎರಡು ವರ್ಷದ ಆಟ, ಆಮೇಲೆ ಮನೆ. ಅಂದುಕೊಂಡಂತೆ ಹುಡುಗ ಸೋತರೆ ಆ ದಿನ ಇವನ ಹೊಲಿಗೆ ನೇರ, ಊಟ ರುಚಿ. ಗೆದ್ದರೆ ಸೂಜಿ ಮುರಿಯುತ್ತಿತ್ತು. ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಗುಂಡಿ ಹೊಲಿಯುವ ಹೆಂಡತಿ ಇದನ್ನೆಲ್ಲ ಬಲ್ಲವಳು. ಆ ಹುಡುಗರಿಗೆ ನೀವು ಯಾರೆಂದೇ ಗೊತ್ತಿಲ್ಲ, ನೀವು ಮಾತ್ರ ದಿನಾ ಅವರ ಮೇಲೆ ಹೊಟ್ಟೆ ಉರಿಸಿಕೊಳ್ಳುತ್ತೀರಿ ಎಂದು ನಗುತ್ತಿದ್ದಳು.

ಹೊಟ್ಟೆಕಿಚ್ಚೇ, ಸುತ್ತಿ ಬಳಸಿ ಹೇಳುವುದೇನಿದೆ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವನೂ, ಇನ್ನೊಂದು ಪಂದ್ಯ ಗೆದ್ದರೆ ವೃತ್ತಿಪರ ಆಟಗಾರ ಎನ್ನುವ ಹೊಸ್ತಿಲವರೆಗೆ ಹೋಗಿ ಬಂದವನು. ಹಾರ್ಡ್‌ವೇರ್ ಅಂಗಡಿಯ ಮೇಲಿದ್ದ ಎರಡು ಮೇಜಿನ ಸ್ನೂಕರ್ ಹಾಲ್‌ನಲ್ಲಿ ಆಗ ಅವನನ್ನು ಸೋಲಿಸುವವರಿರಲಿಲ್ಲ. ಅಲ್ಲಿ ಅವನಿಗೆ ಕಂಬ ಎಂದು ಹೆಸರು. ಉಳಿದವರೆಲ್ಲ ಮೇಜಿನ ಮೇಲೆ ಬಗ್ಗಿ, ಕ್ಯೂ ಕೋಲಿಗೆ ಗದ್ದ ತಾಗಿಸಿ ಗುರಿ ಹಿಡಿದರೆ ಇವನು ಅರ್ಧಕ್ಕರ್ಧ ಬಗ್ಗಿ, ತಲೆ ಎತ್ತರದಲ್ಲೇ ಇಟ್ಟುಕೊಂಡು ಹೊಡೆಯುತ್ತಿದ್ದ. ಹೊಡೆಯುವಾಗ ತಲೆ ಎತ್ತುತ್ತೀಯ, ಇನ್ನೂ ಬಗ್ಗು ಎಂದು ಹಾಲ್‌ನ ಹಿರಿಯರು ಹೇಳಿ ಹೇಳಿ ಸೋತರು. ಆ ಕಡೆಯ ಪಂದ್ಯದಲ್ಲಿ ದೂರದಿಂದ ಹೊಡೆದ ಚೆಂಡುಗಳು ಒಂದಾದ ಮೇಲೊಂದು ಕುಳಿಯ ಬಾಯಲ್ಲೇ ನಿಂತುಬಿಟ್ಟವು. ಮೇಜೇ ಓರೆಯಾಗಿತ್ತು ಎಂದು ಅವನು ಇವತ್ತಿಗೂ ಹೇಳುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಹೆಂಡತಿ ಇವತ್ತಿಗೂ ಉತ್ತರ ಕೊಡುತ್ತಾಳೆ. ಸೋತು ಬಂದವನು ಅಪ್ಪನ ಹೊಲಿಗೆ ಯಂತ್ರದ ಮುಂದೆ ಕೂತ.

ಕೂತರೂ ಆಟದ ನಂಟು ಕತ್ತರಿಯಲ್ಲಿ ಉಳಿಯಿತು. ದೊಡ್ಡ ಪಂದ್ಯಗಳಿಗೆ ಆಟಗಾರರು ಅಂಗಿಯ ಮೇಲೆ ತೋಳಿಲ್ಲದ ವೇಸ್ಟ್‌ಕೋಟ್ ತೊಡಬೇಕು. ಬೇರೆ ದರ್ಜಿಗಳು ಗಿರಾಕಿಯನ್ನು ನೆಟ್ಟಗೆ ನಿಲ್ಲಿಸಿ ಅಳತೆ ತೆಗೆಯುತ್ತಾರೆ. ಮದುವೆ ಗಂಡಿಗೆ ಅದು ಸಾಕು, ಆಟಗಾರನಿಗೆ ಸಾಲದು. ಅವನು ಬಗ್ಗಿದರೆ ಬೆನ್ನಿನ ಬಟ್ಟೆ ಮೇಲಕ್ಕೆ ಹೋಗುತ್ತದೆ, ಮುಂದೆ ಕೆಳಗಿನ ಎರಡು ಚೂಪು ತುದಿ, ದರ್ಜಿಯ ಮಾತಿನಲ್ಲಿ ಚುಂಚು, ಜೋತುಬೀಳುತ್ತವೆ. ಜೋತ ಬಟ್ಟೆ ಚೆಂಡಿಗೆ ಒಂದು ಎಳೆ ತಾಗಿದರೂ ಫೌಲ್, ಸರದಿ ಎದುರಾಳಿಯ ಪಾಲು. ಅದಕ್ಕಾಗಿ ಇವನು ಬಟ್ಟೆ ಕತ್ತರಿಸುವ ಮೇಜನ್ನು ಸ್ನೂಕರ್ ಮೇಜಿನ ಎತ್ತರಕ್ಕೇ ಮಾಡಿಸಿದ್ದ. ಹಾಲ್‌ನಿಂದ ತಂದ ಒಂದು ಹಳೆಯ ಕೆಂಪು ಚೆಂಡನ್ನು ಅದರ ಮೇಲಿಟ್ಟು, ಗಿರಾಕಿಯ ಕೈಗೆ ಗಜಕೋಲು ಕೊಟ್ಟು, ಪಂದ್ಯದಲ್ಲಿ ಬಗ್ಗುವ ಹಾಗೆಯೇ ಬಗ್ಗಿ ಎನ್ನುತ್ತಿದ್ದ. ಬಗ್ಗಿದವನ ಬೆನ್ನು, ಕಂಕುಳು, ಎದೆಯಿಂದ ಚೆಂಡಿನವರೆಗಿನ ಅಂತರ, ಈ ಮೂರು ಅಳತೆ ಹೆಚ್ಚಿಗೆ ತೆಗೆಯುತ್ತಿದ್ದ. ಅವನು ಅಂಕಿ ಹೇಳಿದರೆ ಹೆಂಡತಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಈ ಬಗ್ಗಿದ ಅಳತೆಗಾಗಿ ಪರವೂರುಗಳಿಂದಲೂ ಆಟಗಾರರು ಅವನ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು.

ಹೀಗೆ ದೂರದ ಹುಡುಗರ ಮೇಲೆ ಕಿಡಿ ಕಾರಿಕೊಂಡು ದಿನ ಹೋಗುತ್ತಿತ್ತು. ಮೊಬೈಲಿನೊಳಗಿನ ಹುಡುಗರ ಮೇಲೆ ಎಷ್ಟು ಉರಿದುಕೊಂಡರೂ ಯಾರ ಮನೆಯೂ ಸುಡುವುದಿಲ್ಲ. ಆದರೆ ಅಂಥವನೊಬ್ಬ ಸ್ವಂತ ತಂಗಿಯ ಹೊಟ್ಟೆಯಲ್ಲೇ ಹುಟ್ಟಿದ್ದ.

ತಂಗಿಯ ಮಗನಿಗೆ ಹನ್ನೊಂದು ವರ್ಷವಿದ್ದಾಗ, ಭಾನುವಾರ ಇವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗು ಅಣ್ಣ, ಮನೆಯಲ್ಲಿ ಒಂದು ಕುರ್ಚಿಯೂ ನೆಟ್ಟಗೆ ಉಳಿದಿಲ್ಲ ಎಂದು ಅವಳೇ ಹೇಳಿದ್ದು. ಸೋದರಮಾವ ಅವನನ್ನು ಹಾಲ್‌ಗೆ ಕರೆದೊಯ್ದ. ಹುಡುಗ ಗೋಡೆಗೆ ಹಲ್ಲಿ ಅಂಟುವ ಹಾಗೆ ಮೇಜಿಗೆ ಅಂಟಿಕೊಂಡ. ಗದ್ದ ಕ್ಯೂ ಮೇಲೆ, ಎದೆ ಮೇಜಿನ ಹತ್ತಿರ, ಕೈಯೊಂದು ಬಿಟ್ಟು ಮೈಯಲ್ಲಿ ಬೇರೆ ಏನೂ ಅಲುಗದು. ಅದನ್ನು ಯಾರೂ ಕಲಿಸಿರಲಿಲ್ಲ, ಮೈಯಲ್ಲೇ ಇತ್ತು. ಹಾಲ್‌ನವರು ಅವನಿಗೆ ಹಲ್ಲಿ ಎಂದೇ ಹೆಸರಿಟ್ಟರು. ಮಾವ ಕಲಿಸಿದ್ದು ಕ್ಯೂ ಹಿಡಿಯುವುದನ್ನು, ತುದಿಗೆ ಚಾಕ್ ಹಚ್ಚುವುದನ್ನು, ಮತ್ತೆ ಒಂದು ಮಾತನ್ನು. ನಿನ್ನಿಂದ ಫೌಲ್ ಆದರೆ ರೆಫರಿ ನೋಡದಿದ್ದರೂ ನೀನೇ ಎದ್ದು ನಿಂತು ಹೇಳಬೇಕು, ಈ ಆಟದ ಮರ್ಯಾದೆ ಇರುವುದೇ ಅದರಲ್ಲಿ ಎಂದಿದ್ದ. ಹುಡುಗ ತಲೆಯಾಡಿಸಿದ್ದ.

ಮಾವನ ಜೀವಮಾನದ ದೊಡ್ಡ ಸರದಿ ನೂರ ಹದಿನೆಂಟು ಅಂಕದ್ದು. ಹಲ್ಲಿ ಹದಿನಾರನೇ ವಯಸ್ಸಿನಲ್ಲಿ ಅದೇ ಮೇಜಿನ ಮೇಲೆ ಅದನ್ನು ದಾಟಿದ. ದಾಟಿದ್ದು ಅವನಿಗೆ ಗೊತ್ತೇ ಆಗಲಿಲ್ಲ, ಅಷ್ಟಾಯಿತಾ ಎಂದು ಕೇಳಿದ. ಮಾವ ಬೆನ್ನು ತಟ್ಟಿ ಭೇಷ್ ಎಂದವನು ಮನೆಗೆ ಬಂದು ಊಟಕ್ಕೆ ಉಪ್ಪಿಲ್ಲ ಎಂದು ತಟ್ಟೆ ದೂಡಿದ. ಆಮೇಲೆ ಹುಡುಗನಿಗೆ ಒಬ್ಬ ಕೋಚ್ ಸಿಕ್ಕರು, ಟೂರ್ನಿ ಮೇಲೆ ಟೂರ್ನಿ ಗೆದ್ದ, ಯಾವುದೋ ಕ್ರೀಡಾ ಚಾನೆಲ್‌ನವರು ಮಾತಾಡಿಸಿದರು. ಮೊದಲು ಆಟ ಕಲಿಸಿದ್ದು ಯಾರು ಎಂದು ಕೇಳಿದಾಗ, ಎಲ್ಲಾ ಕೋಚ್ ಸರ್, ಅದಕ್ಕೂ ಮೊದಲು ಮಾವನ ಜೊತೆ ಸುಮ್ಮನೆ ತಮಾಷೆಗೆ ಆಡುತ್ತಿದ್ದೆ ಎಂದ. ಆ ವಿಡಿಯೊವನ್ನು ಮಾವ ಹದಿಮೂರು ಸಲ ನೋಡಿದ. ಹೆಂಡತಿ ಎಣಿಸಿದ್ದಳು.

ಅಳತೆ ಪುಸ್ತಕದ ಹಿಂಬದಿಯಲ್ಲಿ ಹಲ್ಲಿಗೂ ಒಂದು ಹಾಳೆ ಇತ್ತು. ಗೆದ್ದ ಪಂದ್ಯಗಳು, ಅಂಕಗಳು ಎಲ್ಲವೂ ಇದ್ದವು. ಕೊಂಕು ಬರೆಯುವ ಜಾಗ ಮಾತ್ರ ಎಂಟು ವರ್ಷದಿಂದ ಖಾಲಿಯಿತ್ತು. ಬರೆಯಲು ಏನೂ ಸಿಕ್ಕಿರಲಿಲ್ಲ, ಅದೇ ಅವನಿಗೆ ಹೆಚ್ಚು ಉರಿ.

ಹತ್ತೊಂಬತ್ತನೇ ವಯಸ್ಸಿಗೆ ಹಲ್ಲಿಯೂ ಅದೇ ಹೊಸ್ತಿಲಿಗೆ ಬಂದ. ಇನ್ನೊಂದು ಪಂದ್ಯ ಗೆದ್ದರೆ ಎರಡು ವರ್ಷ ವೃತ್ತಿಪರರ ಪಟ್ಟಿಯಲ್ಲಿ ಜಾಗ. ಅಲ್ಲಿಯವರೆಗಿನ ಪಂದ್ಯಗಳಿಗೆ ಟೀ ಶರ್ಟ್ ನಡೆದಿತ್ತು, ಇದಕ್ಕೆ ವೇಸ್ಟ್‌ಕೋಟ್ ಕಡ್ಡಾಯ. ಪಂದ್ಯ ಬೇರೆ ಊರಿನಲ್ಲಿ, ರೈಲಿನಲ್ಲಿ ಒಂದು ಹಗಲಿನ ದಾರಿ. ಕೋಚ್ ಯಾವುದೋ ದೊಡ್ಡ ಅಂಗಡಿಯಲ್ಲಿ ಹೊಲಿಸೋಣ ಎಂದರಂತೆ. ಹುಡುಗ ಒಪ್ಪದೆ ನೇರ ಮಾವನ ಅಂಗಡಿಗೆ ಬಂದ.

‘ನೀವೇ ಹೊಲೀಬೇಕು ಮಾವ. ಬೇರೆಯವ್ರು ಹೊಲಿದಿದ್ದು ನಾನು ಹಾಕ್ಕೊಳಲ್ಲ,’ ಎಂದ.

ಬೇರೆ ಯಾರಾದರೂ ಆಗಿದ್ದರೆ ಕರಗಿಹೋಗುತ್ತಿದ್ದರು. ಇವನಿಗೆ ಕೇಳಿಸಿದ್ದೇ ಬೇರೆ. ಆಟ ಕಲಿಸುವುದಕ್ಕೆ ಕೋಚ್, ಬಟ್ಟೆ ಹೊಲಿಯುವುದಕ್ಕೆ ಮಾವ. ಅಷ್ಟರಲ್ಲಿ ಹುಡುಗ ತಾನಾಗಿಯೇ ಗಜಕೋಲು ತೆಗೆದುಕೊಂಡು, ಕೆಂಪು ಚೆಂಡನ್ನು ಮೇಜಿನ ನಡುವೆ ಇಟ್ಟು ಬಗ್ಗಲು ಹೊರಟಿದ್ದ. ಅವನು ಬಗ್ಗಿದರೆ ಆ ನಿಲುವನ್ನು ಇಂಚಿಂಚು ಅಳೆಯಬೇಕು, ತನ್ನ ಮೈಗೆ ಎಂದೂ ಬಾರದಿದ್ದದ್ದನ್ನು ತಾನೇ ಬಾಯಿಬಿಟ್ಟು ಅಂಕಿಯಲ್ಲಿ ಹೇಳಬೇಕು. ಅದು ಅವತ್ತು ಅವನಿಂದ ಆಗಲಿಲ್ಲ.

‘ಅದೆಲ್ಲ ಬೇಡ, ನೆಟ್ಟಗೆ ನಿಂತ್ಕೋ ಸಾಕು,’ ಎಂದ. ‘ನೀನು ಬಗ್ಗೋದನ್ನ ನಾನು ನೋಡಿಲ್ವಾ?’

ಹುಡುಗ ಗಜಕೋಲು ಇಟ್ಟು ನೆಟ್ಟಗೆ ನಿಂತ. ಮಾವ ಎದೆ, ಸೊಂಟ, ಉದ್ದ ಎಂದು ಅಂಕಿ ಹೇಳುತ್ತ ಹೋದ, ಹೆಂಡತಿ ಬರೆದುಕೊಂಡಳು. ಬರೆದು ಮುಗಿದ ಮೇಲೂ ಪೆನ್ನು ಕೆಳಗಿಡಲಿಲ್ಲ. ಇಷ್ಟು ವರ್ಷದಲ್ಲಿ ಗಂಡ ಒಬ್ಬ ಆಟಗಾರನಿಗೂ ಬರೀ ನಿಂತ ಅಳತೆ ತೆಗೆದದ್ದನ್ನು ಅವಳು ಕಂಡಿರಲಿಲ್ಲ. ಇನ್ನು ಮೂರು ಅಂಕಿ ಬರಬೇಕಲ್ಲ ಎಂದು ಕಾದಳು. ಗಂಡ ಟೇಪು ಸುತ್ತಿ ಕೊರಳಿಗೆ ಹಾಕಿಕೊಂಡ. ಅವಳು ಮೂರು ಸಾಲು ಖಾಲಿ ಬಿಟ್ಟು ಪುಸ್ತಕ ಮುಚ್ಚಿದಳು.

ಬೇಕೆಂದೇ ಮಾಡಿದೆಯಾ ಎಂದು ಯಾರಾದರೂ ಕೇಳಿದ್ದರೆ ಅವನು ಇಲ್ಲ ಎಂದು ಆಣೆ ಮಾಡುತ್ತಿದ್ದ. ಮನೆಯ ಹುಡುಗ, ಕಣ್ಣಳತೆ ಸಾಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡೇ ಹಾಲು ಕುಡಿಯುವುದು. ಬಟ್ಟೆಯನ್ನೇನೋ ಅಂಗಡಿಯಲ್ಲಿದ್ದದ್ದರಲ್ಲೇ ಒಳ್ಳೆಯದನ್ನು ಆರಿಸಿದ, ಬೆನ್ನಿಗೆ ಕಡುಗೆಂಪು ರೇಷ್ಮೆ ಹಾಕಿದ, ಒಂದು ಹೊಲಿಗೆಯೂ ಓರೆ ಹೋಗದ ಹಾಗೆ ಹೊಲಿದ. ಆದರೆ ಕಚ್ಚಾ ಹೊಲಿಗೆ ಹಾಕಿ ಒಮ್ಮೆ ತೊಡಿಸಿ ನೋಡುವ ದಿನವನ್ನು ನಾಳೆ ನಾಡಿದ್ದು ಎಂದು ದೂಡಿದ. ದರ್ಜಿಯ ನಾಳೆಯನ್ನು ಯಾರು ತಾನೇ ಅನುಮಾನಿಸುತ್ತಾರೆ? ಹುಡುಗ ರೈಲು ಹತ್ತುವ ಬೆಳಿಗ್ಗೆ ವೇಸ್ಟ್‌ಕೋಟ್ ಕೈಗಿಟ್ಟ. ಕನ್ನಡಿಯ ಮುಂದೆ ನೆಟ್ಟಗೆ ನಿಂತವನ ಮೈಮೇಲೆ ಅದು ಎರಕ ಹೊಯ್ದ ಹಾಗೆ ಕೂತಿತ್ತು. ಜೊತೆಗೆ ಬಂದಿದ್ದ ತಂಗಿ, ಮಗನನ್ನು ನೋಡಿ ಕಣ್ಣೊರೆಸಿಕೊಂಡಳು.

ಅವರು ಹೋದ ಮೇಲೆ ಹೆಂಡತಿ ಒಂದೇ ಒಂದು ಮಾತು ಕೇಳಿದಳು.

‘ಬಗ್ಗಿಸಿ ನೋಡಿದ್ರಾ?’

‘ರೈಲಿಗೆ ಹೊತ್ತಾಗಿತ್ತು, ನೀನೇ ನೋಡಿದ್ಯಲ್ಲ,’ ಎಂದ ಅವನು.

ಪಂದ್ಯದ ದಿನ ಮಧ್ಯಾಹ್ನ ತಂಗಿ ಅಂಗಡಿಗೇ ಬಂದು ಕೂತಳು. ಮನೆಯಲ್ಲಿ ಒಬ್ಬಳೇ ನೋಡಿದರೆ ಜೀವ ಹೋಗುತ್ತದೆ, ಆ ಅಂಕಗಳ ಲೆಕ್ಕ ನನಗೆ ಅರ್ಥವಾಗುವುದಿಲ್ಲ, ನೀನೇ ಹೇಳುತ್ತಾ ಹೋಗು ಅಣ್ಣ ಎಂದಳು. ಒಂದೊಂದು ಆಟಕ್ಕೆ ಫ್ರೇಮ್ ಎನ್ನುತ್ತಾರೆ, ಹತ್ತು ಫ್ರೇಮ್ ಮೊದಲು ಗೆದ್ದವರದು ಪಂದ್ಯ, ಮಧ್ಯಾಹ್ನ ಒಂಬತ್ತು, ಉಳಿದದ್ದು ಸಂಜೆ ಎಂದು ವಿವರಿಸಿದ. ಕಾಲು ಗಂಟೆಯಲ್ಲೇ ಅವನಿಗೆ ಗೊತ್ತಾಯಿತು, ಹುಡುಗ ಇವತ್ತು ಯಾರ ಕೈಗೂ ಸಿಗುವುದಿಲ್ಲ ಎಂದು. ದೂರದ ಚೆಂಡುಗಳು ಕರೆದ ಹಾಗೆ ಕುಳಿಗೆ ಬೀಳುತ್ತಿದ್ದವು. ತಂಗಿ ಪ್ರತಿ ಸಲವೂ ಇದು ಒಳ್ಳೆಯದಾ ಎಂದು ಕೇಳುವುದು, ಇವನು ಹೂಂ, ಒಳ್ಳೆಯದು ಎನ್ನುವುದು. ಏಳು ಫ್ರೇಮ್ ಮುಗಿದಾಗ ಹುಡುಗನದು ಐದು, ಎದುರಾಳಿಯದು ಎರಡು.

ಎಂಟನೆಯದರಲ್ಲಿ ಅವನು ನಲವತ್ತಾರು ಅಂಕ ಹೊಡೆದು ನೀಲಿ ಚೆಂಡಿಗೆ ಬಗ್ಗಿದ. ಬಿಳಿ ಚೆಂಡು ದೂರವಿತ್ತು, ನಡುವೆ ಕೆಂಪು ಚೆಂಡುಗಳ ಗುಂಪು. ಅವುಗಳ ಮೇಲಿಂದ ಮೈಚಾಚಿ, ಹಲ್ಲಿಯ ಹಾಗೆ ಒರಗಿ, ಕ್ಯೂ ಹಿಂದೆಳೆದವನು ಹೊಡೆಯಲಿಲ್ಲ. ನಿಧಾನವಾಗಿ ಎದ್ದು ನಿಂತು ರೆಫರಿಯ ಕಡೆ ತಿರುಗಿ ಏನೋ ಹೇಳಿ, ವೇಸ್ಟ್‌ಕೋಟಿನ ಮುಂದಿನ ಚುಂಚನ್ನು ಬೆರಳಲ್ಲಿ ಮುಟ್ಟಿ ತೋರಿಸಿದ. ರೆಫರಿ ಏನನ್ನೂ ನೋಡಿರಲಿಲ್ಲ. ಕ್ಯಾಮೆರಾದಲ್ಲೂ ಕಂಡಿರಲಿಲ್ಲ. ಆದರೂ ಫೌಲ್ ಎಂದು ಕೂಗಿ ಎದುರಾಳಿಗೆ ಐದು ಅಂಕ ಕೊಟ್ಟರು. ಎದುರಾಳಿ ಮೇಜಿನ ಅಂಚನ್ನು ಬೆರಳಿನಿಂದ ತಟ್ಟಿದ.

‘ಅವನ್ಯಾಕೆ ಎದ್ದ ಅಣ್ಣ? ಅವರ್ಯಾಕೆ ಮೇಜು ತಟ್ತಿದಾರೆ?’ ಎಂದು ತಂಗಿ ಕೇಳಿದಳು.

ಫೌಲ್ ಆಯಿತು, ಯಾರೂ ನೋಡಿರಲಿಲ್ಲ, ಇವನೇ ಹೇಳಿದ, ಅದನ್ನು ಮೆಚ್ಚಿ ತಟ್ಟುತ್ತಿದ್ದಾರೆ ಎಂದ.

‘ಏನು ತಪ್ಪು ಮಾಡ್ದ?’

‘ಬಟ್ಟೆ ತಾಗ್ತು,’ ಎಂದ ಅವನು. ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ತನ್ನ ಕೊರಳಲ್ಲಿದ್ದ ಟೇಪನ್ನು ಮುಟ್ಟಿ ನೋಡಿಕೊಂಡಿತು. ಮೂಲೆಯಲ್ಲಿ ಹೆಂಡತಿಯ ಸೂಜಿ ನಿಂತದ್ದನ್ನು ಅವನು ಕಂಡೂ ಕಾಣದವನಂತೆ ಇದ್ದ. ತಂಗಿ ಮಾತ್ರ, ಎಷ್ಟು ಒಳ್ಳೆಯ ಬುದ್ಧಿ ಕಲಿಸಿದ್ದೀಯ ನೋಡು ಅವನಿಗೆ ಎಂದು ಅಣ್ಣನ ಮೊಣಕಾಲು ತಟ್ಟಿದಳು.

ಆ ಫ್ರೇಮನ್ನು ಎದುರಾಳಿ ಗೆದ್ದ. ಒಂಬತ್ತನೆಯದರಲ್ಲಿ ಹುಡುಗ ಪ್ರತಿ ಸಲ ಬಗ್ಗುವ ಮುಂಚೆ ಎದೆಯ ಕಡೆ ಒಮ್ಮೆ ನೋಡಿಕೊಳ್ಳತೊಡಗಿದ. ಅದೂ ಹೋಯಿತು. ಐದು ನಾಲ್ಕರ ಲೆಕ್ಕದಲ್ಲಿ ಮಧ್ಯಾಹ್ನದ ಆಟ ನಿಂತಿತು. ತಂಗಿ ಮನೆಗೆ ಹೋಗಿ ಬರುತ್ತೇನೆಂದು ಎದ್ದಳು. ಅವಳು ಬೀದಿ ದಾಟುವಷ್ಟರಲ್ಲಿ ಮೊಬೈಲ್ ರಿಂಗಾಯಿತು.

‘ಮಾವ, ನೋಡಿದ್ರಾ?’ ಎಂದ ಹುಡುಗ. ‘ನನ್ನ ನಿಲುವಲ್ಲೇ ಏನೋ ತಪ್ಪಾಗ್ತಿದೆ. ಕೋಚ್ ಸರ್ ನಾನು ತೀರಾ ಕೆಳಗೆ ಹೋಗ್ತಿದೀನಿ ಅಂತಿದಾರೆ, ಸ್ವಲ್ಪ ಎತ್ತರ ನಿಂತು ಹೊಡಿ ಅಂತಿದಾರೆ. ಅವ್ರು ಬಟ್ಟೆ ಮೇಲೂ ಅನುಮಾನ ಪಟ್ರು. ಅದು ಸಾಧ್ಯಾನೇ ಇಲ್ಲ, ನಮ್ಮಾವ ಹೊಲಿದಿದ್ದು ಅಂದೆ. ನೀವು ಹೇಳಿ, ಏನ್ ಮಾಡ್ಲಿ?’

ಉತ್ತರ ಅವನ ನಾಲಗೆಯ ಮೇಲೆಯೇ ಇತ್ತು. ನಿಲುವಿನಲ್ಲಿ ಏನೂ ತಪ್ಪಿಲ್ಲ, ಬಟ್ಟೆಯಲ್ಲಿ ತಪ್ಪಿದೆ, ಮುಂದಿನ ಚುಂಚುಗಳನ್ನು ಒಳಮಡಚಿ ಎರಡು ಪಿನ್ ಹಾಕು, ಸಂಜೆ ಹಲ್ಲಿಯ ಹಾಗೇ ಆಡು. ಇಷ್ಟು ಹೇಳಲು ಅರ್ಧ ನಿಮಿಷ ಬೇಡ. ಹೇಳಿದರೆ ಬಗ್ಗಿದ ಅಳತೆ ಯಾಕೆ ತೆಗೆಯಲಿಲ್ಲ ಎನ್ನುವ ಪ್ರಶ್ನೆ ಬರುತ್ತದೆ. ಆ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ಕೋಚ್ ಸರ್ ಅಂತಿದಾರೆ, ಕೋಚ್ ಸರ್ ಅಂತಿದಾರೆ ಎನ್ನುವುದು ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ತಮಾಷೆಗೆ ಆಡಿದವನ ಮಾತು ಈಗ ಯಾಕೆ?

‘ಕೋಚ್ ಹೇಳಿದ್ಮೇಲೆ ಮುಗೀತಲ್ಲ,’ ಎಂದ. ‘ಅವ್ರು ಹೇಳಿದ ಹಾಗೆ ಮಾಡು.’

ಸಂಜೆಯ ಆಟ ನೋಡಲು ತಂಗಿ ಮತ್ತೆ ಬಂದಳು. ಹುಡುಗ ಅರ್ಧ ಬಗ್ಗಿ, ತಲೆ ಎತ್ತರದಲ್ಲಿಟ್ಟುಕೊಂಡು ಹೊಡೆದ. ಬಟ್ಟೆ ಒಂದು ಸಲವೂ ತಾಗಲಿಲ್ಲ. ದೂರದ ಚೆಂಡುಗಳು ಕುಳಿಯ ಬಾಯಿಗೆ ಬಂದು ನಿಂತವು. ಹತ್ತು ಆರರಲ್ಲಿ ಸೋತ. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಅಣ್ಣ ಸಮಾಧಾನ ಹೇಳಿದ, ವಯಸ್ಸು ಇದೆ, ಮುಂದಿನ ವರ್ಷ ನೋಡೋಣ ಎಂದ. ತನಗೆ ಬೇರೆಯದೇ ಸಮಾಧಾನ ಹುಡುಕಿಕೊಂಡ. ಆಟದಲ್ಲಿ ಒಂದು ನಿಯಮವಿದೆ. ಫೌಲ್ ಆದದ್ದನ್ನು ಮುಂದಿನ ಹೊಡೆತಕ್ಕೆ ಮೊದಲೇ ಹೇಳಬೇಕು. ಮುಂದಿನ ಹೊಡೆತ ಬಿದ್ದ ಮೇಲೆ ಅದು ಲೆಕ್ಕಕ್ಕಿಲ್ಲ, ಆಗಿಯೇ ಇಲ್ಲ ಎಂದಂತೆ. ಹೊಡೆತಗಳು ಎಷ್ಟೋ ಬಿದ್ದುಹೋದವು, ಇನ್ನು ಎತ್ತಿ ಆಡಿ ಏನು ಪ್ರಯೋಜನ ಎಂದುಕೊಂಡ. ಹೆಂಡತಿ ನಾಲ್ಕು ದಿನ ಅವನ ಜೊತೆ ಬೇಕಾದಷ್ಟೇ ಮಾತಾಡಿದಳು.

ಒಳ್ಳೆಯ ನಿದ್ದೆ ಬರಬೇಕಿತ್ತು. ಹುಡುಗ ತನ್ನ ಹೊಸ್ತಿಲಲ್ಲೇ ಎಡವಿದ್ದ, ಊರಿನಲ್ಲಿ ಈಗ ಇಬ್ಬರೂ ಒಂದೇ ಅಂತಸ್ತಿನವರು. ಆದರೆ ಹೊಟ್ಟೆಯ ಉರಿ ಆರಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ. ಮೊಬೈಲಿನಲ್ಲಿ ಬೇರೆ ಹುಡುಗರು ಗೆಲ್ಲುವುದನ್ನು ನೋಡಿದರೆ ಈಗ ಹಲ್ಲಿಯ ಪರವಾಗಿ ಉರಿಯುತ್ತಿತ್ತು. ಇವನಿಗಿಂತ ನಮ್ಮವನು ಎಷ್ಟೋ ಮೇಲು ಎಂದು ಬಾಯಿತಪ್ಪಿ ಗೊಣಗುತ್ತಿದ್ದ. ಹೆಂಡತಿ ಹೊಲಿಗೆಯಿಂದ ಕಣ್ಣೆತ್ತದೆ, ಯಾರು ನಮ್ಮವನು ಎಂದು ಕೇಳುತ್ತಿದ್ದಳು.

ಹುಡುಗ ಆಮೇಲಿನ ಮೂರು ಟೂರ್ನಿಗಳಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದ. ಒಂದು ದಿನ ಹಾಲ್‌ನಲ್ಲಿ ಅಂಕ ಬರೆಯುವ ಮುದುಕ ಪ್ಯಾಂಟು ಉದ್ದ ಮಾಡಿಸಲು ಬಂದವನು ಹುಡುಗನ ಸ್ಥಿತಿ ಹೇಳಿ ನಕ್ಕ. ಈಗ ಅವನನ್ನು ಯಾರೂ ಹಲ್ಲಿ ಎನ್ನುವುದಿಲ್ಲವಂತೆ, ಚಿಕ್ಕ ಕಂಬ ಎನ್ನುತ್ತಾರಂತೆ. ಥೇಟ್ ನಿನ್ನ ಹಾಗೇ ನಿಲ್ಲುತ್ತಾನೆ ಕಣಯ್ಯಾ, ಸೋದರಮಾವನ ರಕ್ತ ಎಲ್ಲಿ ಹೋದೀತು ಎಂದ. ಮುದುಕ ಹೋದ ಮೇಲೆ ದರ್ಜಿ ಅಳತೆ ಪುಸ್ತಕ ತಿರುಗಿಸಿ ಹುಡುಗನ ಹಾಳೆ ತೆಗೆದ. ಎಂಟು ವರ್ಷ ಖಾಲಿಯಿದ್ದ ಜಾಗದಲ್ಲಿ ಬರೆಯಲು ಈಗ ಒಂದು ಕೊಂಕು ಸಿಕ್ಕಿತ್ತು. ಹೊಡೆಯುವಾಗ ತಲೆ ಎತ್ತುತ್ತಾನೆ ಎಂದು ಬರೆದ. ಬರೆದದ್ದನ್ನು ಓದಿಕೊಂಡಾಗ ಅದು ಹಾಲ್‌ನ ಹಿರಿಯರು ತನಗೆ ಹೇಳಿದ ಮಾತೇ ಎಂದು ನೆನಪಾಯಿತು. ಪೆನ್ನನ್ನು ಮುಚ್ಚಲು ಹೋದರೆ ಮುಚ್ಚಳ ಕೈಗೆ ಸಿಗಲಿಲ್ಲ.

ಆಟದ ಹೊಸ ಋತು ಶುರುವಾಗುವ ಮೊದಲು ಹುಡುಗ ಅಂಗಡಿಗೆ ಬಂದ. ವೇಸ್ಟ್‌ಕೋಟಿನ ಒಂದು ಗುಂಡಿ ಉದುರಿತ್ತು. ಅತ್ತೆ ಗುಂಡಿ ಹಾಕಿ ಕೊಟ್ಟಳು. ಅದನ್ನು ತೊಟ್ಟುಕೊಂಡು, ಗಜಕೋಲು ತೆಗೆದು, ಕೆಂಪು ಚೆಂಡನ್ನು ಕತ್ತರಿಸುವ ಮೇಜಿನ ನಡುವೆ ಇಟ್ಟ. ಎಡಗೈ ಊರಿ ಅರ್ಧ ಬಗ್ಗಿದ. ಬಟ್ಟೆಯ ಚುಂಚು ಚೆಂಡಿಗಿಂತ ನಾಲ್ಕು ಬೆರಳು ಮೇಲಿತ್ತು.

‘ನೋಡಿ ಮಾವ, ಈಗ ತಾಗಲ್ಲ. ಆರು ತಿಂಗಳು ಹಿಡೀತು ಸರಿ ಮಾಡ್ಕೊಳಕ್ಕೆ,’ ಎಂದ. ‘ಇನ್ನು ಗುರಿ ಒಂದು ಕೂತ್ರೆ ಆಯ್ತು.’

ಮಾವ ನೋಡಿದ. ಎತ್ತರದ ತಲೆ, ಮಡಚಿದ ಬಲ ಮಂಡಿ, ಬಗ್ಗಲಾರದ ಬೆನ್ನು. ಇಪ್ಪತ್ತನಾಲ್ಕರ ತಾನೇ ಆ ಮೇಜಿನ ಮುಂದೆ ನಿಂತಿದ್ದ. ತಾನು ಹೊಲಿದ ಬಟ್ಟೆಯ ಅಳತೆಗೆ ಹುಡುಗ ತನ್ನ ಮೈಯನ್ನೇ ಕತ್ತರಿಸಿಕೊಂಡು ಬಂದಿದ್ದ. ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದ.

‘ಫೌಲ್ ನಂದು,’ ಎಂದ ಮಾವ.

ಹುಡುಗನಿಗೆ ಅರ್ಥವಾಗಲಿಲ್ಲ. ಬಗ್ಗಿದಲ್ಲಿಂದಲೇ ಕತ್ತು ತಿರುಗಿಸಿ ನೋಡಿದ.

‘ನಿನಗೆ ನಿಂತ ಅಳತೆ ತಗೊಂಡೆ. ಬಗ್ಗಿದ್ದು ತಗೊಳ್ಳಲೇ ಇಲ್ಲ. ನೀನು ಫೋನ್ ಮಾಡಿದಾಗ ನಂಗೆ ಗೊತ್ತಿತ್ತು. ನಿನ್ನ ನಿಲುವಲ್ಲಿ ಯಾವ ತಪ್ಪೂ ಇರ್ಲಿಲ್ಲ.’ ಸ್ವಲ್ಪ ತಡೆದು, ಹೇಳದಿದ್ದರೂ ನಡೆಯುತ್ತಿದ್ದ ಮಾತನ್ನೂ ಹೇಳಿದ. ‘ನಂಗೆ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು.’

ಹುಡುಗ ನಿಧಾನವಾಗಿ ಎದ್ದು ನಿಂತ. ವೇಸ್ಟ್‌ಕೋಟಿನ ಚುಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ, ಬಿಟ್ಟ. ಅತ್ತೆಯ ಮುಖ ನೋಡಿದ, ಅವಳು ತಲೆ ತಗ್ಗಿಸಿದಳು.

‘ಅವತ್ತು ಫೋನಲ್ಲಿ ಹೇಳಿದ್ರೆ ಸಾಕಿತ್ತು,’ ಎಂದ.

ಹುಡುಗ ಬಾಗಿಲವರೆಗೆ ಹೋದ. ಅಲ್ಲಿ ನಿಂತು, ಹೋಗದೆ, ಹಿಂದಿರುಗಿ ಬಂದ. ಗಜಕೋಲನ್ನು ಮತ್ತೆ ಎತ್ತಿಕೊಂಡು ಮೇಜಿನ ಮುಂದೆ ಬಗ್ಗಿದ, ಎದ್ದ, ಕಾಲು ಸರಿಸಿ ಮತ್ತೆ ಬಗ್ಗಿದ, ಎದ್ದ.

‘ಹಳೇದು ಹೇಗಿತ್ತು?’ ಎಂದು ಕೇಳಿದ. ‘ನಂಗೆ ಮರ್ತೋಗಿದೆ.’

ಈ ಸಲ ಹುಡುಗ ಮಾವ ಎಂದು ಕರೆಯಲಿಲ್ಲ. ಅದನ್ನು ದರ್ಜಿ ಗಮನಿಸಿದ. ಇನ್ನು ಮುಂದೆ ಆ ಮಾತು ಸಿಗುತ್ತದೋ ಇಲ್ಲವೋ, ಆದರೆ ಕೇಳಿದ ಪ್ರಶ್ನೆಗೆ ಈ ಊರಿನಲ್ಲಿ ಉತ್ತರ ಗೊತ್ತಿದ್ದವನು ಅವನೊಬ್ಬನೇ. ತಾಯಿ ನೋಡಿದ್ದು ಮಗನ ಮುಖ, ಕೋಚ್ ನೋಡಿದ್ದು ಅಂಕ. ಇವನು ಎಂಟು ವರ್ಷ ಹೊಟ್ಟೆ ಉರಿದುಕೊಂಡು ಒಂದೊಂದು ಇಂಚನ್ನೂ ನೋಡಿದ್ದ, ಒಂದು ಕೊಂಕು ಸಿಕ್ಕೀತೇ ಎಂದು. ಎಡಗಾಲು ಎಷ್ಟು ಮುಂದೆ, ಬಲ ಮಂಡಿ ಎಷ್ಟು ಬಿಗಿ, ಭುಜ ಎಲ್ಲಿ, ಉಸಿರು ಯಾವಾಗ, ಎಲ್ಲವೂ ಅವನಿಗೆ ಬಾಯಿಪಾಠ.

‘ಎಡಗಾಲು ಒಂದು ಗೇಣು ಮುಂದಿಡು,’ ಎಂದ. ‘ಬಲ ಮಂಡಿ ಮಡಚಬೇಡ. ಎಡ ಭುಜ ಚಾಚು, ಇನ್ನೂ ಚಾಚು.’ ಆಮೇಲೆ ಹುಡುಗನ ತಲೆಯ ಮೇಲೆ ಅಂಗೈಯಿಟ್ಟು, ಗದ್ದ ಗಜಕೋಲಿಗೆ ತಾಗುವವರೆಗೆ ಮೆಲ್ಲಗೆ ಕೆಳಗೆ ಒತ್ತಿದ. ಹುಡುಗನ ಬೆನ್ನು ಮೊದಲು ತಡೆಯಿತು, ಆಮೇಲೆ ಸಡಿಲವಾಯಿತು. ವೇಸ್ಟ್‌ಕೋಟಿನ ಮುಂದಿನ ಚುಂಚು ಇಳಿದು ಕೆಂಪು ಚೆಂಡಿಗೆ ತಾಗಿತು, ಚೆಂಡು ಉರುಳಿ ಮೇಜಿನ ಅಂಚಿನವರೆಗೆ ಹೋಯಿತು.

ಮಾವ ಅದನ್ನು ಹಿಡಿದು ಮತ್ತೆ ಅದರ ಜಾಗದಲ್ಲಿಟ್ಟ. ಕೊರಳಿನಿಂದ ಟೇಪು ತೆಗೆದ. ಹೆಂಡತಿ ಆಗಲೇ ಪುಸ್ತಕದಲ್ಲಿ ಮೂರು ಸಾಲು ಖಾಲಿಯಿದ್ದ ಹಾಳೆ ತೆಗೆದು ಪೆನ್ನು ಹಿಡಿದು ಕೂತಿದ್ದಳು.

‘ಅಲುಗಬೇಡ,’ ಎಂದು ಹುಡುಗನಿಗೆ ಹೇಳಿ, ಅವನು ಮೊದಲು ಬೆನ್ನಿನ ಅಳತೆ ತೆಗೆದ.